ಕಲೆಯ ಕಾಯಕ: ಅಂಕಿತವೂ ಅನ್ನವೂ

ಮನೆಯ ಮಗನೋ ಮಗಳೋ ಹಾಡಿನಲ್ಲಿ, ಚಿತ್ರದಲ್ಲಿ ಇಲ್ಲವೆ ನಾಟಕದಲ್ಲಿ ಮನವಿಟ್ಟು ‘ಇದೇ ನನ್ನ ಬಾಳುವೆ’ ಎಂದು ನುಡಿದ ದಿನ ಆ ಮನೆಯ ಹಿರಿಯರ ಎದೆ ಒಮ್ಮೆ ಝಲ್ಲೆನ್ನದೆ ಇರದು. ಒಕ್ಕಲುತನದ ಮನೆಯಿರಲಿ, ವ್ಯಾಪಾರದ ಮನೆಯಿರಲಿ, ನೌಕರಿಯ ಮನೆಯಿರಲಿ, ಎಲ್ಲಿಯೂ ಇದೊಂದೇ ಕಳವಳ: ಹಾಡಿನಿಂದ ಹೊಟ್ಟೆ ತುಂಬೀತೆ? ಇದರ ಹಿಂದೆ ಇನ್ನೊಂದು ಪ್ರಶ್ನೆಯೂ ಅಡಗಿರುವದು. ಅದನ್ನು ಬಾಯಿಬಿಟ್ಟು ಕೇಳುವವರು ಕಡಿಮೆ. ಹಾಡುವವರು ಊರಿಗೆ ಹತ್ತು ಮಂದಿ ಇರುವಾಗ ಇವನ ದನಿಯನ್ನೇ ಜನ ಏಕೆ ಕೇಳಬೇಕು? ಮೊದಲನೆಯದು ಅನ್ನದ ಪ್ರಶ್ನೆ, ಎರಡನೆಯದು ಸ್ವಂತಿಕೆಯ ಪ್ರಶ್ನೆ. ಲೋಕವು ಇವೆರಡನ್ನೂ ಬೇರೆ ಬೇರೆಯಾಗಿ ವಿಚಾರಿಸುವದು. ಶರಣರ ಬಾಳನ್ನು ಹತ್ತಿರದಿಂದ ನೋಡಿದವರಿಗೆ ಎರಡರ ಬೇರೂ ಒಂದೇ ಎಂಬುದು ತಿಳಿಯದೆ ಇರದು. ಅಂಕಿತವೆಂಬ ಒಂದು ಮಾತನ್ನೂ ಕಾಯಕವೆಂಬ ಇನ್ನೊಂದು ಮಾತನ್ನೂ ಹಿಡಿದು ಪ್ರಕೃತ ವಿಷಯವನ್ನು ವಿವೇಚಿಸೋಣ.

ಬಸವಯುಗದಲ್ಲಿಯೂ ಅದರ ತರುವಾಯವೂ ಬಾಳಿದ ವಚನಕಾರರು ಇನ್ನೂರಕ್ಕೂ ಮಿಕ್ಕು. ಅವರಲ್ಲಿ ಶರಣೆಯರೇ ಮೂವತ್ತಕ್ಕೂ ಹೆಚ್ಚು. ಅವರವರ ವಚನದ ತುದಿಯಲ್ಲಿ ಅವರವರ ಅಂಕಿತ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುಗಳಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಜೇಡರ ದಾಸಿಮಯ್ಯನಿಗೆ ರಾಮನಾಥ. ಲಿಂ. ಫ. ಗು. ಹಳಕಟ್ಟಿಯವರು ಊರೂರಿನ ಓಲೆಗರಿಗಳನ್ನು ಕಲೆಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದಾಗ, ಚೆದುರಿಹೋಗಿದ್ದ ಸಾವಿರಾರು ವಚನಗಳಲ್ಲಿ ಯಾವುದು ಯಾರದೆಂದು ಗುರುತಿಸುವದಕ್ಕೆ ಈ ಅಂಕಿತಗಳೇ ಮುಖ್ಯ ಆಧಾರ. ಅಂಕಿತವಿಲ್ಲದೆ ಹೋಗಿದ್ದರೆ ಎಷ್ಟೋ ಶರಣರ ಹೆಸರೇ ನಮ್ಮ ಪಾಲಿಗೆ ಉಳಿಯುತ್ತಿರಲಿಲ್ಲ.

ಆದರೆ ಅಂಕಿತವು ಹೊರಗಿನಿಂದ ಒತ್ತಿದ ಮುದ್ರೆಯಷ್ಟೇ ಎಂದು ಭಾವಿಸಲಾಗದು. ಅಂಕಿತವನ್ನು ಕೈಯಿಂದ ಮುಚ್ಚಿ ವಚನವನ್ನು ಓದಿ ನೋಡಿರಿ. ದಾಸಿಮಯ್ಯನ ಮಾತಿನ ಅಡಕವು ಒಮ್ಮೆಗೇ ಗೊತ್ತಾಗುವದು. ಅಂಬಿಗರ ಚೌಡಯ್ಯನ ನಿಷ್ಠುರ ನುಡಿಯಂತೂ ಕಣ್ಣುಮುಚ್ಚಿ ಕೇಳಿದರೂ ಗೊತ್ತಾಗುವದು. ಉಳಿದವರಲ್ಲಿ ಹೆಚ್ಚಿನವರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ ಈ ಚೌಡಯ್ಯನು ತನ್ನ ಹೆಸರನ್ನೇ ಇಟ್ಟುಕೊಂಡನು. ಅದನ್ನು ಅಹಂಕಾರವೆಂದು ಯಾರೂ ಅನ್ನಲಿಲ್ಲ. ಆಡಿದ ಮಾತಿಗೆ ತಾನೇ ಹೊಣೆ ಎಂದು ಎದೆಯೊಡ್ಡಿ ನಿಂತ ಧೈರ್ಯವದು.

ಈ ಬೇರೆ ಬೇರೆ ದನಿಗಳು ಎಲ್ಲಿಂದ ಬಂದವು? ಎಲ್ಲರೂ ಕೇಳಿದ ತತ್ತ್ವ ಒಂದೇ, ಹೆಚ್ಚಿನವರು ಸೇರಿದ ಅನುಭವಮಂಟಪ ಒಂದೇ. ಬೇರೆಯಾಗಿದ್ದುದು ಅವರವರ ಕೈಯ ಕೆಲಸ. ದಾಸಿಮಯ್ಯನು ಮಗ್ಗದ ಮುಂದೆ ಕುಳಿತವನು, ಚೌಡಯ್ಯನು ಹುಟ್ಟು ಹಾಕಿದವನು, ಮಡಿವಾಳ ಮಾಚಯ್ಯನು ಬಟ್ಟೆ ಒಗೆದವನು, ಮೋಳಿಗೆ ಮಾರಯ್ಯನು ಕಟ್ಟಿಗೆಯ ಹೊರೆ ಹೊತ್ತವನು, ಕದಿರೆ ರೆಮ್ಮವ್ವೆಯು ರಾಟಿ ತಿರುವಿ ನೂಲು ತೆಗೆದವಳು. ದಿನವೂ ಮುಟ್ಟಿದ ವಸ್ತುವೇ ಅವರ ಮಾತಿಗೆ ಉಪಮೆಯಾಯಿತು, ದಿನದ ದುಡಿತದ ಲಯವೇ ಅವರ ವಾಕ್ಯದ ಲಯವಾಯಿತು. ತನ್ನ ದನಿ ಎಲ್ಲಿರುವದೆಂದು ಹುಡುಕುತ್ತ ಹೊರಟವರು ಅವರಲ್ಲಿ ಒಬ್ಬರೂ ಇಲ್ಲ. ಕಾಯಕವನ್ನು ಮಾಡಿದರು, ದನಿ ಹಿಂದಿನಿಂದ ಬಂದಿತು.

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ನೇಯ್ಗೆ, ಒಕ್ಕಲುತನಗಳು ಕಾಯಕವೆಂದರೆ ಒಪ್ಪೋಣ. ಹಾಡುವದು, ಕುಣಿಯುವದು, ನಗಿಸುವದು ಇವೂ ಕಾಯಕವೆ? ಶರಣರ ಯಾದಿಯನ್ನು ತೆಗೆದು ನೋಡಿದರೆ ಉತ್ತರ ಸ್ಪಷ್ಟವಾಗಿರುವದು. ವೇಷ ಹಾಕಿ ಜನರ ಮುಂದೆ ಆಡಿ ಬದುಕಿದ ಬಹುರೂಪಿ ಚೌಡಯ್ಯನಿದ್ದಾನೆ. ರೇಕಣ್ಣಪ್ರಿಯ ನಾಗಿನಾಥ ಎಂಬುದು ಅವನ ಅಂಕಿತ. ಢಕ್ಕೆ ಬಾರಿಸಿದ ಢಕ್ಕೆಯ ಬೊಮ್ಮಣ್ಣನಿದ್ದಾನೆ. ಕಿನ್ನರಿ ನುಡಿಸುತ್ತಿದ್ದ ಬೊಮ್ಮಯ್ಯನಿಗೆ ಆ ವಾದ್ಯದ ಹೆಸರೇ ಅಂಟಿಕೊಂಡಿತು. ಶೂನ್ಯಸಂಪಾದನೆಯನ್ನು ಓದಿದವರಿಗೆ ಅವನು ಪರಿಚಿತ. ಜನರನ್ನು ನಗಿಸುವದನ್ನೇ ಕಾಯಕ ಮಾಡಿಕೊಂಡ ನಗೆಯ ಮಾರಿತಂದೆಯೂ ಉಂಟು. ಬೀದಿಯ ವೇಷಗಾರನನ್ನೂ ನಗೆಗಾರನನ್ನೂ ಊರಿನ ದೊಡ್ಡವರು ಹಗುರಾಗಿ ಕಾಣುತ್ತಿದ್ದ ಕಾಲವದು. ಅನುಭವಮಂಟಪದಲ್ಲಿ ಅವರಿಗೆ ಮಂತ್ರಿಯ ಸಮಕ್ಕೆ ಆಸನ ದೊರೆಯಿತು. ಇಂದು ನಮ್ಮ ಮನೆಗಳಲ್ಲಿ ‘ಹಾಡುವದು ಸರಿ, ಉದ್ಯೋಗವೇನು?’ ಎಂದು ಕೇಳುವ ರೂಢಿ ಉಂಟಲ್ಲವೆ? ಬಹುರೂಪಿ ಚೌಡಯ್ಯನನ್ನು ಹಾಗೆ ಯಾರಾದರೂ ಕೇಳಿದ್ದರೆ ಅವನು ಏನೆನ್ನುತ್ತಿದ್ದನೋ ವಾಚಕರೇ ಊಹಿಸಿಕೊಳ್ಳಲಿ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ದೂರ ಮಾಡಬೇಕು. ತಾಳದ, ಛಂದಸ್ಸಿನ ಗಣಗಳ ಲೆಕ್ಕ ತನಗೆ ತಿಳಿಯದೆಂದೂ ಒಲವು ನಡೆಸಿದತ್ತ ತನ್ನ ಹಾಡು ಸಾಗುವದೆಂದೂ ಅರ್ಥಬರುವ ಬಸವಣ್ಣನವರ ವಚನವೊಂದು ಪ್ರಸಿದ್ಧವಾಗಿದೆ. ಅಭ್ಯಾಸಕ್ಕೆ ಬೇಸತ್ತ ತರುಣರು ಇದನ್ನು ಎದುರಿಗೆ ಹಿಡಿದು, ‘ಅಣ್ಣನವರೇ ಹೀಗೆ ಹೇಳಿದ್ದಾರೆ, ನಮಗೇಕೆ ಶಾಸ್ತ್ರ?’ ಎನ್ನುವದುಂಟು. ಅಣ್ಣನವರು ಆ ಮಾತನ್ನು ಹೇಳಿದ್ದು ದೈವದ ಮುಂದಿನ ವಿನಯದಿಂದ. ಸಾಧನೆಯನ್ನು ತಪ್ಪಿಸಿಕೊಳ್ಳುವದಕ್ಕೆ ಅಲ್ಲ. ತನ್ನ ದೇಹವನ್ನೇ ವಾದ್ಯವಾಗಿ ಮಾಡಿ ನುಡಿಸೆಂದು ಬೇಡಿಕೊಂಡ ವಚನವೂ ಅವರದೇ. ಅದರಲ್ಲಿ ಬರುವ ವಾದ್ಯದ ಅಂಗಾಂಗಗಳ ವಿವರವನ್ನು ನೋಡಿದರೆ ಸಂಗೀತವನ್ನು ಹತ್ತಿರದಿಂದ ಬಲ್ಲವರ ಮಾತದು ಎಂಬುದರಲ್ಲಿ ಸಂಶಯವಿಲ್ಲ.

ಈ ತತ್ತ್ವವು ನಮ್ಮ ಕಾಲದ ಕಲಾವಿದರ ಬಾಳಿನಲ್ಲಿ ಹೇಗೆ ಕಂಡುಬಂದಿತೆಂಬುದಕ್ಕೆ ಧಾರವಾಡ ಪ್ರಾಂತದ ದೃಷ್ಟಾಂತಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಮಿರಜಿನ ನೀಲಕಂಠಬುವಾ ಆಲೂರಮಠ ಅವರು ಗ್ವಾಲಿಯರ ಪರಂಪರೆಯ ಗಾಯಕರು. ಬಾಲಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರು. ಈ ಬುವಾ ಅವರ ಬಳಿ ಕಲಿತವರಲ್ಲಿ ಇಬ್ಬರನ್ನು ಇಲ್ಲಿ ನೆನೆಯಬೇಕು: ಗದುಗಿನ ಲಿಂ. ಪಂಚಾಕ್ಷರಿ ಗವಾಯಿಗಳು ಮತ್ತು ಲಿಂ. ಮಲ್ಲಿಕಾರ್ಜುನ ಮನಸೂರ ಅವರು. ಒಬ್ಬನೇ ಗುರು ಇಬ್ಬರಿಗೂ ವಿದ್ಯೆಯನ್ನಿತ್ತರೂ ಇಬ್ಬರ ದಾರಿಗಳು ಎಷ್ಟು ಬೇರೆಯಾದವು!

ಮನಸೂರರು ಹುಟ್ಟಿದ್ದು 1910ರ ಡಿಸೆಂಬರ 31ರಂದು, ಧಾರವಾಡಕ್ಕೆ ಸಮೀಪದ ಮನಸೂರ ಗ್ರಾಮದ ಒಕ್ಕಲುತನದ ಮನೆಯಲ್ಲಿ. ಚಿಕ್ಕಂದಿನಲ್ಲಿಯೇ ನಾಟಕ ಕಂಪನಿಯನ್ನು ಸೇರಿ ರಂಗದ ಮೇಲೆ ಹಾಡಿದರು; ಅಲ್ಲಿಯೇ ಅಪ್ಪಯ್ಯಸ್ವಾಮಿಗಳಿಂದ ಕರ್ನಾಟಕ ಸಂಗೀತದ ಮೊದಲ ಪಾಠವಾಯಿತು. ನಂತರ ನೀಲಕಂಠಬುವಾ ಅವರ ಕೈಗೆ ಬಿದ್ದು ಕೆಲವು ವರ್ಷ ಗ್ವಾಲಿಯರ ಪದ್ಧತಿಯನ್ನು ಕಲಿತರು. ಬೇರೊಬ್ಬನಾದರೆ ಅಲ್ಲಿಗೆ ನಿಲ್ಲಿಸಿ ಬಿಡುತ್ತಿದ್ದನು. ತೆರೆದ ಕಂಠವಿತ್ತು, ರಂಗದ ಅನುಭವವಿತ್ತು, ಕೇಳುವ ಜನವಿತ್ತು. ಇವರು ಮಾತ್ರ ಮುಂಬಯಿಗೆ ಹೋಗಿ ಜಯಪುರ ಪರಂಪರೆಯ ಅಲ್ಲಾದಿಯಾಖಾನರ ಮಗ ಮಂಜಿಖಾನರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. 1937ರಲ್ಲಿ ಮಂಜಿಖಾನರು ತೀರಿಕೊಂಡಾಗ ಮನಸೂರರಿಗೆ 26 ವರ್ಷ. ಆಗ ಅವರ ತಮ್ಮ ಭುರ್ಜಿಖಾನರ ಬಳಿ ಪಾಠವನ್ನು ಮುಂದುವರಿಸಿದರು. ಲಿಂಗಾಯತ ಒಕ್ಕಲಿಗನ ಮಗನು ಮುಸಲ್ಮಾನ ಉಸ್ತಾದರ ಪಾದದ ಬಳಿ ಕುಳಿತು ಕಲಿತದ್ದನ್ನೂ ಅವರು ಅದನ್ನು ಮನೆಯ ಮಗನಿಗೆ ಕೊಡುವಂತೆ ಕೊಟ್ಟದ್ದನ್ನೂ ವಾಚಕರು ಗಮನಿಸಬೇಕು.

ಜಯಪುರ ಪದ್ಧತಿಯು ಸುಲಭವಾದದ್ದಲ್ಲ. ಎರಡು ಮೂರು ರಾಗಗಳ ಎಳೆಗಳು ಹೆಣೆದುಕೊಂಡ ಅಪರೂಪದ ರಾಗಗಳು, ತಾಳದ ಒಂದೊಂದು ಮಾತ್ರೆಯ ಸಂದಿನಲ್ಲಿ ಹಾಯ್ದು ಸಮಕ್ಕೆ ಬಂದು ಕೂಡುವ ಸ್ವರಗಳ ಸರಪಳಿ, ಉಸಿರನ್ನು ಬಹಳ ಹೊತ್ತು ಹಿಡಿಯಬೇಕಾದ ತಾನಗಳು. ಶಿವಮತ ಭೈರವ, ಖಟ, ಸಂಪೂರ್ಣ ಮಾಲಕಂಸ, ಏಕನಿಷಾದ ಬಿಹಾಗಡಾ ಮುಂತಾದ ರಾಗಗಳನ್ನು ಮನಸೂರರು ಮನೆಯ ಅಂಗಳದಲ್ಲಿ ಅಡ್ಡಾಡಿದಷ್ಟು ಸಲೀಸಾಗಿ ಹಾಡುತ್ತಿದ್ದರು. ಆ ಹಾಡಿನಲ್ಲಿ ಗ್ವಾಲಿಯರದ ತೆರೆದ ದನಿಯೂ ಇತ್ತು, ಜಯಪುರದ ಹೆಣಿಗೆಯೂ ಇತ್ತು. ಆದರೂ ಕೇಳಿದವರು ‘ಇದು ಮನಸೂರ’ ಎಂದೇ ಗುರುತಿಸುತ್ತಿದ್ದರು. ನೀಲಕಂಠಬುವಾ ಎಂದಾಗಲಿ ಮಂಜಿಖಾನ ಎಂದಾಗಲಿ ಅನ್ನುತ್ತಿರಲಿಲ್ಲ. ಗುರುವಿನ ಅಚ್ಚನ್ನು ಪೂರ್ತಿಯಾಗಿ ತುಂಬಿಕೊಂಡ ಮೇಲೆ ತುಂಬಿ ಹೊರಗೆ ಚೆಲ್ಲಿದ್ದು ಅವರದೇ ಆಗಿತ್ತು. ಅದೇ ಕಂಠವು ವಚನಗಳ ಕಡೆಗೆ ತಿರುಗಿದಾಗ ನಾಡಿಗೆ ಆದ ಲಾಭವನ್ನು ಬಣ್ಣಿಸಬೇಕಾಗಿಲ್ಲ. ಅಕ್ಕನ ವಚನವನ್ನು ಅವರ ಬಾಯಿಂದ ಕೇಳಿದ ಮೇಲೆ ಓಲೆಗರಿಯ ಅಕ್ಷರಕ್ಕೆ ಉಸಿರು ಬಂದುದನ್ನು ಎಷ್ಟೋ ಮನೆಗಳು ಬಲ್ಲವು.

ಹಾಗಾದರೆ ಅವರು ಬದುಕಿದ್ದು ಹೇಗೆ? ಬಾಲ್ಯದಲ್ಲಿ ನಾಟಕ ಕಂಪನಿ ಅನ್ನ ಹಾಕಿತು. ಯೌವನದಲ್ಲಿ ಗ್ರಾಮಾಫೋನ ಮುದ್ರಿಕೆಗಳಿಗೆ ಹಾಡಿದರು, ಎಚ್. ಎಂ. ವಿ. ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿಯೂ ದುಡಿದರು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರಾದರು, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗದ ಹೊಣೆ ಹೊತ್ತರು. ಒಂದೇ ಬಾಗಿಲಿನಿಂದ ಬಂದ ಅನ್ನವಲ್ಲವದು. ಆದರೆ ಎಲ್ಲ ಬಾಗಿಲುಗಳೂ ಹಾಡಿನ ಮನೆಯವೇ ಆಗಿದ್ದವು. ಪದ್ಮಶ್ರೀ ಬಂದದ್ದು 1970ರಲ್ಲಿ, ಅರವತ್ತರ ಹೊಸ್ತಿಲಲ್ಲಿ. ಪದ್ಮಭೂಷಣ 1976ರಲ್ಲಿ, ಪದ್ಮವಿಭೂಷಣ ಲಿಂಗೈಕ್ಯರಾದ 1992ರಲ್ಲಿಯೇ. ಸನ್ಮಾನದ ದಾರಿ ಕಾಯುತ್ತ ಕುಳಿತಿದ್ದರೆ ನಾಲ್ಕು ದಶಕಗಳ ಸಾಧನೆ ಎಲ್ಲಿ ನಡೆಯುತ್ತಿತ್ತು? ಮಗನು ಇಪ್ಪತ್ತೈದಕ್ಕೆ ಹೆಸರು ಮಾಡಲಿಲ್ಲವೆಂದು ಕೈಚೆಲ್ಲುವ ತಂದೆತಾಯಿಗಳು ಈ ಇಸವಿಗಳನ್ನು ಒಮ್ಮೆ ಎಣಿಸಿ ನೋಡುವದು ಒಳ್ಳೆಯದು.

ಪಂಚಾಕ್ಷರಿ ಗವಾಯಿಗಳ ಬಾಳು ಇನ್ನೊಂದು ಬಗೆಯದು. 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಗುರುಡರಾಗಿ ಜನಿಸಿದ ಇವರನ್ನು ಲಿಂ. ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಕೈಹಿಡಿದು ಸಂಗೀತಕ್ಕೆ ಹಚ್ಚಿದರು. ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳು ಇವರಿಗೆ ವಶವಾದ್ದರಿಂದ ‘ಉಭಯಗಾನ ವಿಶಾರದ’ರೆಂದು ನಾಡು ಕರೆಯಿತು. ಆ ಕಂಠವನ್ನು ಹಿಡಿದು ಸಭೆಗಳಲ್ಲಿ ಹಾಡುತ್ತ ಹೋಗಿದ್ದರೆ ಸುಖವಾಗಿಯೇ ಇರಬಹುದಿತ್ತು. ಅವರು ಕುರುಡ ಮಕ್ಕಳನ್ನೂ ದಿಕ್ಕಿಲ್ಲದ ಮಕ್ಕಳನ್ನೂ ಕೂಡಿಸಿಕೊಂಡು ಊರಿಂದೂರಿಗೆ ತಿರುಗುವ ಪಾಠಶಾಲೆಯನ್ನು ನಡೆಸಿದರು; ಅದು ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಆ ಭಾರವನ್ನು ಹೊತ್ತರು. ಅವರಿಗೂ ಕಣ್ಣಿರಲಿಲ್ಲ. ಸ್ವತಃ ನಾಟಕಗಳನ್ನು ರಚಿಸಿ, ಆಶ್ರಮದ ನಾಟಕ ಸಂಘದಿಂದ ಆಡಿಸಿ, ಬಂದ ಹಣದಿಂದ ಮಕ್ಕಳಿಗೆ ಊಟ ಹಾಕಿದರು. ಭಕ್ತರು ಮಾಡಿದ ಅಸಂಖ್ಯ ತುಲಾಭಾರಗಳ ಕಾಣಿಕೆಯೂ ಆಶ್ರಮಕ್ಕೇ ಸಂದಿತು. 2010ರಲ್ಲಿ ಅವರು ಲಿಂಗೈಕ್ಯರಾಗುವವರೆಗೆ ಎಷ್ಟು ಅಂಧ ಮಕ್ಕಳು ಅಲ್ಲಿಂದ ಹೊರಬಂದು ತಬಲಾ, ಹಾರ್ಮೋನಿಯಂ, ಕಂಠಗಳನ್ನು ನಂಬಿ ಸ್ವಾಭಿಮಾನದಿಂದ ಬದುಕಿದರು! ಭಿಕ್ಷೆಯ ತಟ್ಟೆಯೇ ಗತಿಯಾಗುತ್ತಿದ್ದ ಕೈಗೆ ಕಾಯಕ ಬಂದಿತು. ‘ಹಾಡಿನಿಂದ ಹೊಟ್ಟೆ ತುಂಬೀತೆ?’ ಎಂದು ಕೇಳುವವರು ಗದುಗಿಗೆ ಹೋಗಿ ಬರಬಹುದು.

ತನ್ನ ದನಿ ಎಂಬುದು ಕೊರತೆಯೊಳಗಿನಿಂದಲೂ ಬರಬಹುದು. ಮೇಲೆ ಹೇಳಿದ ಅಲ್ಲಾದಿಯಾಖಾನರು ತಾರುಣ್ಯದಲ್ಲಿ ಅತಿಯಾಗಿ ಹಾಡಿ ಕಂಠವನ್ನು ಕಳೆದುಕೊಂಡರೆಂದೂ ಮರಳಿ ಬಂದ ದನಿ ಮೊದಲಿನಂತಿರದೆ ಒರಟಾಗಿದ್ದುದರಿಂದ ಅದಕ್ಕೆ ಒಗ್ಗುವಂತೆ ಗಾಯನದ ಹೊಸ ರೀತಿಯನ್ನೇ ಕಟ್ಟಿದರೆಂದೂ ಆ ಪರಂಪರೆಯವರು ಹೇಳುತ್ತಾರೆ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ (1913–2009) ಕಂಠವು ಗಂಟಲಿನ ಚಿಕಿತ್ಸೆಯ ತರುವಾಯ ಗಡುಸಾಯಿತು. ಹೆಣ್ಣಿನ ದನಿ ಹೀಗಿರಬಹುದೆ ಎಂದು ಅನ್ನುವವರು ಅನ್ನುತ್ತಲೇ ಇದ್ದರು. ಅವರು ಆ ಗಡುಸುತನದಲ್ಲಿಯೇ ರಾಗದ ಗಾಂಭೀರ್ಯವನ್ನು ಕಂಡುಕೊಂಡರು. ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಲಿಯುವದಕ್ಕೆಂದು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದ ಆ ತಾಯಿ ಸಂಸಾರವನ್ನು ಸಾಗಿಸಿದ್ದೂ ಆ ದನಿಯಿಂದಲೇ. ಕೊರತೆಯನ್ನು ಮುಚ್ಚಿಡುವದಕ್ಕೆ ಶ್ರಮಪಡುವವನು ಇನ್ನೊಬ್ಬರ ನೆರಳಾಗುವನು. ಕೊರತೆಯನ್ನು ಒಪ್ಪಿ ಅದರ ಸುತ್ತ ದುಡಿಯುವವನಿಗೆ ತನ್ನ ದಾರಿ ತೆರೆಯುವದು.

ಇಂದಿನ ತರುಣರಿಗೆ ಈ ಮಾತು ಹೆಚ್ಚು ಬೇಕಾಗಿದೆ. ಹಿಂದೆ ಶಿಷ್ಯನು ವರ್ಷಗಟ್ಟಲೆ ಒಬ್ಬ ಗುರುವಿನ ದನಿಯನ್ನು ಮಾತ್ರ ಕೇಳುತ್ತಿದ್ದನು. ಈಗ ಅಂಗೈಯೊಳಗಿನ ಮೊಬೈಲಿನಲ್ಲಿ ಜಗತ್ತಿನ ಎಲ್ಲ ಕಂಠಗಳೂ ಇವೆ. ಇದು ಭಾಗ್ಯವೂ ಅಹುದು, ಬಲೆಯೂ ಅಹುದು. ಒಂದು ವಾರ ಒಬ್ಬರಂತೆ, ಮರುವಾರ ಇನ್ನೊಬ್ಬರಂತೆ ಹಾಡುವ ಜಾಣ ಮಕ್ಕಳನ್ನು ಕಂಡು ಮನೆಯವರು ಚಪ್ಪಾಳೆ ತಟ್ಟುವರು. ಅನುಕರಣೆಯು ಕಲಿಕೆಯ ಮೊದಲ ಮೆಟ್ಟಿಲು. ಮನಸೂರರೂ ಗುರುಗಳನ್ನು ಅನುಕರಿಸಿಯೇ ಕಲಿತವರು. ಆದರೆ ಅವರು ಅನುಕರಿಸಿದ್ದು ಎದುರಿಗೆ ಕುಳಿತು ತಿದ್ದುವ ಗುರುವನ್ನು. ಮುದ್ರಿಕೆಯು ತಿದ್ದುವದಿಲ್ಲ. ಹಾಡಿನ ಹೊರಗಿನ ಬಣ್ಣವನ್ನು ಅದು ಕೊಡುವದು. ಆ ಬಣ್ಣ ಬರುವದಕ್ಕೆ ಗಾಯಕನು ನಡೆಸಿದ ಲೆಕ್ಕಾಚಾರವನ್ನೂ ಬಿಟ್ಟುಕೊಟ್ಟ ಎಷ್ಟೋ ಸ್ವರಗಳನ್ನೂ ಅದು ಹೇಳದು. ಆದ್ದರಿಂದ ಮಕ್ಕಳನ್ನು ಹಾಡಿಗೆ ಹಚ್ಚುವವರು ಮೊದಲು ಒಬ್ಬ ಗುರುವನ್ನು ಹುಡುಕಿಕೊಡಲಿ, ಅಲ್ಲಿ ಐದಾರು ವರ್ಷ ನಿಲ್ಲಿಸಲಿ. ವೇದಿಕೆಯ ಆತುರ ಬೇಡ.

ಅನ್ನದ ಪ್ರಶ್ನೆಯಲ್ಲಿ ಕಲಾವಿದನಿಗೆ ಎರಡು ಕಡೆಯಿಂದ ಕಾವಲು ಬೇಕು. ನುಲಿಯ ಚಂದಯ್ಯನ ಕಥೆಯನ್ನು ನೆನೆಯಿರಿ. ಹಗ್ಗಕ್ಕಾಗಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಕಳಚಿ ನೀರಿಗೆ ಬಿದ್ದರೂ ಅವನು ಹೊರೆಯನ್ನು ಇಳಿಸದೆ ನಡೆದನು. ಪೂಜೆಯ ನೆಪದಿಂದಲೂ ಕಾಯಕ ನಿಲ್ಲಬಾರದೆಂಬ ನಿಷ್ಠೆಯದು. ‘ಇಂದು ಸ್ಫೂರ್ತಿ ಇಲ್ಲ, ಮನಸ್ಸು ಬರಲಿಲ್ಲ’ ಎಂದು ತಂಬೂರಿಯನ್ನು ಮೂಲೆಗಿಡುವವರಿಗೆ ಈ ಕಥೆ ಸ್ವಲ್ಪ ಕಟುವಾಗಿಯೇ ತೋರೀತು. ಇನ್ನೊಂದು, ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ. ಗಂಡನು ದಿನದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅವಳು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ; ಮಿಕ್ಕಿದ್ದನ್ನು ಮರಳಿ ಸುರಿದು ಬಾ ಎಂದು ಕಳಿಸಿದಳು. ಕಲಾವಿದನು ಬಡವನಾಗಿಯೇ ಇರಬೇಕೆಂಬ ಅರ್ಥವನ್ನು ಇದರಿಂದ ಹೊರಡಿಸಬಾರದು. ಆ ದಂಪತಿಗಳು ದುಡಿದ ಅಕ್ಕಿಯನ್ನು ಬಿಡಲಿಲ್ಲ, ಬೇಡವೆನ್ನಲೂ ಇಲ್ಲ. ದಾಸೋಹಕ್ಕೂ ಹೊಟ್ಟೆಗೂ ಬೇಕಾದಷ್ಟನ್ನು ಹಕ್ಕಿನಿಂದ ತಂದರು. ಹಾಡಿದ್ದಕ್ಕೆ ತಕ್ಕ ಸಂಭಾವನೆಯನ್ನು ಬಾಯಿಬಿಟ್ಟು ಕೇಳುವದು ಸತ್ಯಶುದ್ಧ ಕಾಯಕವೇ. ಹಣ ಹೆಚ್ಚು ಸಿಗುವದೆಂದು ತನಗೊಗ್ಗದ ಹಾಡನ್ನು ತನ್ನದಲ್ಲದ ದನಿಯಲ್ಲಿ ಹಾಡುತ್ತ ಹೋದರೆ ಮಾತ್ರ ಅದು ಮಿಕ್ಕ ಅಕ್ಕಿಯಾಗುವದು. ಮನೆಗೆ ಬರುವದು ನಿಜ. ಅದರ ಜೊತೆಗೆ ಅಂಕಿತ ಅಳಿಸುತ್ತ ಹೋಗುವದು.

ಅನ್ನಕ್ಕಾಗಿ ಬೇರೆ ಕೆಲಸವನ್ನೂ ಮಾಡಬಹುದೆ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಮಾಡಬಹುದು. ಶಾಲೆಯಲ್ಲಿ ಪಾಠ ಹೇಳಿ, ಹೊಲದಲ್ಲಿ ದುಡಿದು, ಅಂಗಡಿಯಲ್ಲಿ ಕುಳಿತು ರಾತ್ರಿ ಹಾಡಿದವರು ನಮ್ಮ ಭಜನೆಯ ಮೇಳಗಳಲ್ಲಿ ಎಷ್ಟಿಲ್ಲ? ಕಿನ್ನರಿ ಬೊಮ್ಮಯ್ಯನೂ ಅಕ್ಕಸಾಲೆಯ ಮನೆತನದವನೇ. ಬೆಳಗಿನ ಸಾಧನೆಯ ಎರಡು ಗಂಟೆಗಳನ್ನು ಮಾತ್ರ ಆ ಕೆಲಸ ತಿನ್ನದಂತೆ ನೋಡಿಕೊಂಡರೆ ಸಾಕು.

ಕೊನೆಯದಾಗಿ ಭಕ್ತರಾದ ನಮ್ಮ ಕರ್ತವ್ಯದ ಮಾತು. ಇದು ತುಸು ಕಹಿಯೆನಿಸಿದರೂ ಆಡದೆ ಗತ್ಯಂತರವಿಲ್ಲ. ಜಾತ್ರೆ, ಪುರಾಣಮಂಗಲ, ಬಸವಜಯಂತಿಗಳಿಗೆ ವಚನಗಾಯನಕ್ಕೆಂದು ಕಲಾವಿದರನ್ನು ಕರೆಯುವೆವು. ಪೆಂಡಾಲಿನವನಿಗೆ ಮುಂಗಡ ಹಣ, ಧ್ವನಿವರ್ಧಕದವನಿಗೆ ಕರಾರು. ಗಾಯಕನಿಗೆ? ಒಂದು ಶಾಲು, ಒಂದು ತೆಂಗಿನಕಾಯಿ, ‘ಇದು ದೇವರ ಸೇವೆಯಲ್ಲವೇ’ ಎಂಬ ಒಂದು ಮಾತು. ಮರಳಿ ಹೋಗುವ ಬಸ್ಸಿನ ಖರ್ಚನ್ನೂ ತಬಲಾದವನ ಕೂಲಿಯನ್ನೂ ಅವನೇ ಕೈಯಿಂದ ಹಾಕಬೇಕು. ಇನ್ನೊಬ್ಬನ ಕಾಯಕವನ್ನು ನಮ್ಮ ಭಕ್ತಿಯ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುವದು ದಾಸೋಹವೆನಿಸದು. ದಾಸೋಹವು ನಮ್ಮ ದುಡಿತದಿಂದ ಆಗಬೇಕಾದದ್ದು. ಮಗನು ಹಾಡಿನಿಂದ ಹೇಗೆ ಬದುಕಿಯಾನು ಎಂದು ಮನೆಯಲ್ಲಿ ಕಳವಳಪಡುವ ನಾವೇ ಸಭೆಯಲ್ಲಿ ಮಂದಿಯ ಮಗನಿಗೆ ಬರಿಗೈಯನ್ನು ತೋರಿಸುವದು ಎಂಥ ವಿಚಿತ್ರ! ಮುಂದಿನ ಉತ್ಸವದ ಖರ್ಚಿನ ಯಾದಿಯನ್ನು ಬರೆಯುವಾಗ ಗಾಯಕರ, ತಬಲಾದವರ, ಹಾರ್ಮೋನಿಯಂದವರ, ತಂಬೂರಿ ಹಿಡಿಯುವ ಶಿಷ್ಯರ ಹೆಸರುಗಳು ಪೆಂಡಾಲಿಗಿಂತ, ದೀಪಗಳಿಗಿಂತ ಮೇಲಿನ ಸಾಲಿನಲ್ಲಿ ಇರಲಿ. ಹೋಗಿಬರುವ ಖರ್ಚು ಬೇರೆಯಾಗಿ ಬರೆದಿರಲಿ. ಹಣವು ಹಾಡು ಮುಗಿದ ರಾತ್ರಿಯೇ ಅವರ ಕೈ ಸೇರಲಿ.